ಡೀಫಾಲ್ಟ್ ಶೆಲ್ ಬದಲಾಯಿಸಿದ ಮೇಲೂ ಟರ್ಮಿನಲ್‌ನಲ್ಲಿ ಬ್ಯಾಶೇ ಬರುತ್ತಿದೆ, ಎಲ್ಲಿ ತಪ್ಪಿದೆ?

ಕಂಬಳಿಹುಳು ಕೇಳಿದ್ದು:

ಉಬುಂಟು 24.04 ಇರುವ ಲ್ಯಾಪ್‌ಟಾಪ್. ಶೆಲ್ (ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ) ಆಗಿ ಬ್ಯಾಶ್ ಬಿಟ್ಟು ಝಡ್‌ಶೆಲ್ (ಝಡ್‌ಎಸ್‌ಎಚ್) ಅನ್ನು ಡೀಫಾಲ್ಟ್ ಮಾಡಿಕೊಳ್ಳಬೇಕು. ಇಲ್ಲಿಯವರೆಗೆ ಮಾಡಿದ್ದು ಇಷ್ಟು (ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ, ಹೊಡೆದದ್ದು ಇಂಗ್ಲಿಷ್ ಸಣ್ಣಕ್ಷರದಲ್ಲೇ, $ಶೆಲ್, $ಯೂಸರ್ ಮಾತ್ರ ದೊಡ್ಡಕ್ಷರ):

ಸುಡೊ ಎಪಿಟಿ ಇನ್‌ಸ್ಟಾಲ್ ಝಡ್‌ಎಸ್‌ಎಚ್
ಸಿಎಚ್‌ಎಸ್‌ಎಚ್ -ಎಸ್ ಝಡ್‌ಎಸ್‌ಎಚ್

ಎರಡನೆಯದು ‘ಇನ್‌ವ್ಯಾಲಿಡ್ ಶೆಲ್’ ಎಂದು ತಿರಸ್ಕರಿಸಿತು. ಆಮೇಲೆ ಪೂರ್ತಿ ಪಾತ್ ಕೊಟ್ಟೆ:

ಸಿಎಚ್‌ಎಸ್‌ಎಚ್ -ಎಸ್ /ಯುಎಸ್‌ಆರ್/ಬಿನ್/ಝಡ್‌ಎಸ್‌ಎಚ್

ಪಾಸ್‌ವರ್ಡ್ ಕೇಳಿತು, ಕೊಟ್ಟೆ, ಏನೂ ಹೇಳದೆ ಮುಗಿಯಿತು. ಆದರೆ ಹೊಸ ಟರ್ಮಿನಲ್ ತೆರೆದರೆ ಬ್ಯಾಶೇ. ಎಕೋ $ಶೆಲ್ ಎಂದರೂ /ಬಿನ್/ಬ್ಯಾಶ್ ಎಂದೇ ಉತ್ತರ.

ಜೊತೆಗೆ ಇನ್ನೂ ಮೂರು ಅನುಮಾನ. ಒಂದು, ಆಫೀಸಿನ ಸರ್ವರ್ ರೆಡ್ ಹ್ಯಾಟ್ 9. ಅಲ್ಲಿ ಸಿಎಚ್‌ಎಸ್‌ಎಚ್ ಎಂಬ ಕಮಾಂಡೇ ಇಲ್ಲ, ಲಾಗಿನ್ ಆಗುವುದು ಕಂಪನಿಯ ಡೈರೆಕ್ಟರಿ ಖಾತೆಯಿಂದ (ಎಲ್ಲ ಯಂತ್ರಗಳಿಗೂ ಒಂದೇ ಆದ ಕೇಂದ್ರ ಖಾತೆ). ಎರಡು, ಬ್ಯಾಶ್‌ಗೆಂದು ಬರೆದ ಹಳೆಯ ಸ್ಕ್ರಿಪ್ಟ್‌ಗಳು ಮುರಿಯುತ್ತವೆಯೆ? ಮೂರು, /ಬಿನ್/ಎಸ್‌ಎಚ್ ಲಿಂಕನ್ನೇ ಝಡ್‌ಶೆಲ್ ಕಡೆ ತಿರುಗಿಸಿದರೆ ಒಂದೇ ಏಟಿಗೆ ಎಲ್ಲ ಆಗುತ್ತದೆ ಎಂದು ಒಬ್ಬರು ಹೇಳಿದರು. ಮಾಡಬಹುದೆ?

ಏಳನೇಕಾಲಮ್ ಉತ್ತರ:

ಮೂರನೆಯದನ್ನು ಮಾಡಬೇಡಿ. ಏಕೆಂದು ಕೆಳಗೆ ಯಾರಾದರೂ ಬರೆಯುತ್ತಾರೆ, ನಾನು ಲ್ಯಾಪ್‌ಟಾಪ್ ವಿಷಯಕ್ಕೆ ಬರುತ್ತೇನೆ.

ನಿಮ್ಮ ಕೆಲಸ ಆಗಿದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ. ಸಿಎಚ್‌ಎಸ್‌ಎಚ್ ಮಾಡುವುದು ಒಂದೇ ಒಂದು ಬದಲಾವಣೆ. /ಇಟಿಸಿ/ಪಾಸ್‌ಡಬ್ಲ್ಯೂಡಿ ಫೈಲಿನಲ್ಲಿ ನಿಮ್ಮ ಸಾಲು ಇರುತ್ತದೆ, ಅದರಲ್ಲಿ ಕೋಲನ್‌ನಿಂದ ಬೇರ್ಪಟ್ಟ ಏಳು ಅಂಕಣ. ಏಳನೆಯದು ಶೆಲ್. ಹೀಗೆ:

ಹುಳು:ಎಕ್ಸ್:1000:1000:ಕಂಬಳಿಹುಳು,,,:/ಹೋಮ್/ಹುಳು:/ಯುಎಸ್‌ಆರ್/ಬಿನ್/ಝಡ್‌ಎಸ್‌ಎಚ್

ಆ ಅಂಕಣ ಖಾಲಿಯಿದ್ದರೆ /ಬಿನ್/ಎಸ್‌ಎಚ್ ಎಂದು ಲೆಕ್ಕ. ಈಗ ಅಲ್ಲಿ ಏನಿದೆ ಎಂದು ನೋಡಲು:

ಗೆಟ್‌ಎಂಟ್ ಪಾಸ್‌ಡಬ್ಲ್ಯೂಡಿ $ಯೂಸರ್

ಕೊನೆಯಲ್ಲಿ ಝಡ್‌ಎಸ್‌ಎಚ್ ಕಂಡರೆ ಬದಲಾವಣೆ ದಾಖಲಾಗಿದೆ. ಆದರೆ ಈ ಅಂಕಣವನ್ನು ಓದುವುದು ಲಾಗಿನ್ ಆಗುವ ಹೊತ್ತಿನಲ್ಲಿ. ನೀವು ಬೆಳಿಗ್ಗೆ ಲಾಗಿನ್ ಆದಾಗ $ಶೆಲ್ ಎಂಬ ವೇರಿಯಬಲ್‌ಗೆ /ಬಿನ್/ಬ್ಯಾಶ್ ತುಂಬಿಕೊಂಡಿತು, ಆ ಸೆಷನ್‌ನಲ್ಲಿ ಹುಟ್ಟಿದ ಎಲ್ಲ ಪ್ರೋಗ್ರಾಂಗೂ ಅದೇ ಬಳುವಳಿಯಾಗಿ ಹೋಯಿತು. ಗ್ನೋಮ್ ಟರ್ಮಿನಲ್ ಯಾವ ಶೆಲ್ ಎಬ್ಬಿಸಬೇಕೆಂದು ಮೊದಲು ಈ ವೇರಿಯಬಲ್ಲನ್ನೇ ಕೇಳುತ್ತದೆ. ಆದ್ದರಿಂದ ಟರ್ಮಿನಲ್ ಕಿಟಕಿ ಮುಚ್ಚಿ ತೆರೆದರೆ ಸಾಲದು, ಡೆಸ್ಕ್‌ಟಾಪ್‌ನಿಂದಲೇ ಲಾಗ್‌ಔಟ್ ಆಗಿ ಬರಬೇಕು. ಲಾಗ್‌ಔಟ್ ಆದಮೇಲೂ ಹಿನ್ನೆಲೆಯಲ್ಲಿ ನಿಮ್ಮ ಹೆಸರಿನ ಸಿಸ್ಟಂಡಿ ಪ್ರಕ್ರಿಯೆ ಉಳಿದುಕೊಂಡಿದ್ದರೆ (ಲಿಂಗರ್ ಎಂಬ ಸೆಟ್ಟಿಂಗ್ ಚಾಲೂ ಇದ್ದರೆ ಹಾಗಾಗುತ್ತದೆ) ಹಳೆಯ ಬೆಲೆ ಅಂಟಿಕೊಂಡೇ ಇರುತ್ತದೆ. ಅದನ್ನು ಹುಡುಕುತ್ತ ಕೂರುವ ಬದಲು ಒಮ್ಮೆ ರೀಬೂಟ್ ಮಾಡಿ, ಮುಗೀತು.

ಲಾಗ್‌ಔಟ್‌ಗೆ ಮೊದಲು ಒಂದು ಪರೀಕ್ಷೆ ಮಾಡಿ. ಇದನ್ನು ಬಿಡಲೇಬೇಡಿ:

ಎಸ್‌ಯು - $ಯೂಸರ್

ಇದು ಏಳನೇ ಅಂಕಣವನ್ನು ಹೊಸದಾಗಿ ಓದಿ ಲಾಗಿನ್ ಶೆಲ್ ತೆರೆಯುತ್ತದೆ. ಝಡ್‌ಶೆಲ್ ನೆಟ್ಟಗೆ ಎದ್ದಿತೋ, ಆಜ್ಞೆಗಳು ಓಡುತ್ತವೋ ಎಂಬುದು ಇಲ್ಲೇ ಗೊತ್ತಾಗುತ್ತದೆ. ಎಡವಟ್ಟಾಗಿದ್ದರೆ ಎಕ್ಸಿಟ್ ಹೊಡೆದು ಹಳೆಯ ಬ್ಯಾಶ್‌ಗೆ ಬಂದು ಸರಿಪಡಿಸಬಹುದು.

ಇನ್ನೊಂದು ಗೊಂದಲ ಈಗಲೇ ತೀರಿಸಿಕೊಳ್ಳಿ. $ಶೆಲ್ ಎಂದರೆ ‘ಈಗ ನಾನು ಇರುವ ಶೆಲ್’ ಅಲ್ಲ, ‘ಲಾಗಿನ್ ಆದಾಗ ನನಗೆ ಗೊತ್ತುಮಾಡಿದ್ದ ಶೆಲ್’. ಬ್ಯಾಶ್ ಒಳಗಿಂದ ಝಡ್‌ಎಸ್‌ಎಚ್ ಎಂದು ಹೊಡೆದು ಝಡ್‌ಶೆಲ್‌ಗೆ ಹೋದರೂ ಅದು ಬ್ಯಾಶ್ ಎಂದೇ ಹೇಳುತ್ತದೆ. ನಿಜವಾಗಿ ಓಡುತ್ತಿರುವುದು ಯಾವುದೆಂದು ತಿಳಿಯಲು:

ಪಿಎಸ್ -ಪಿ $$

ಮೊದಲು ‘ಇನ್‌ವ್ಯಾಲಿಡ್ ಶೆಲ್’ ಬಂದದ್ದೇಕೆ ಎಂದರೆ, ಸಾಮಾನ್ಯ ಬಳಕೆದಾರರು ಕೊಡುವ ಪಾತ್ /ಇಟಿಸಿ/ಶೆಲ್ಸ್ ಫೈಲಿನಲ್ಲಿರುವ ಯಾವುದಾದರೊಂದು ಸಾಲಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ‘ಝಡ್‌ಎಸ್‌ಎಚ್’ ಎಂಬ ಬರಿ ಹೆಸರು ಅಲ್ಲಿಲ್ಲ. ಈಗಿನ ಉಬುಂಟುವಿನಲ್ಲಿ /ಬಿನ್ ಎಂಬುದು /ಯುಎಸ್‌ಆರ್/ಬಿನ್‌ಗೆ ಲಿಂಕ್, ಹಾಗಾಗಿ ಎರಡೂ ಪಾತ್ ಒಂದೇ ಫೈಲಿಗೆ ಹೋಗುತ್ತವೆ. ಆದರೆ ಈ ಹೋಲಿಕೆ ಲಿಂಕ್ ಹಿಡಿದು ಹೋಗುವುದಿಲ್ಲ, ಬರೆದ ಪಾತನ್ನು ಮಾತ್ರ ನೋಡುತ್ತದೆ.

ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಸೆಷನ್ ನಡೆಸುವ ಪ್ರೋಗ್ರಾಂ) ಬಳಸುತ್ತಿದ್ದರೆ ಅದರ ಸರ್ವರ್ ಪ್ರಕ್ರಿಯೆ ಕೂಡ ಹಳೆಯ $ಶೆಲ್ ಹಿಡಿದು ಕೂತಿರುತ್ತದೆ. ಎಲ್ಲ ಸೆಷನ್‌ಗಳ ಕೆಲಸ ಉಳಿಸಿಕೊಂಡು ‘ಟಿಮಕ್ಸ್ ಕಿಲ್-ಸರ್ವರ್’ ಮಾಡದೆ ಹೊಸ ಶೆಲ್ ಬರುವುದಿಲ್ಲ. ವಿಎಸ್ ಕೋಡ್ ಒಳಗಿನ ಟರ್ಮಿನಲ್‌ಗೆ ತನ್ನದೇ ಡೀಫಾಲ್ಟ್ ಪ್ರೊಫೈಲ್ ಸೆಟ್ಟಿಂಗ್ ಇದೆ. ಅಲ್ಲಿ ಬ್ಯಾಶ್ ಎಂದು ಆರಿಸಿದ್ದರೆ ನೀವು ಇಲ್ಲಿ ಏನು ಮಾಡಿದರೂ ಅದು ಕೇಳುವುದಿಲ್ಲ.

ರಾತ್ರಿಪಾಳಿ ಉತ್ತರ:

ಸರ್ವರ್ ಮತ್ತು /ಬಿನ್/ಎಸ್‌ಎಚ್ ಎರಡಕ್ಕೂ ಉತ್ತರಿಸುತ್ತೇನೆ.

/ಬಿನ್/ಎಸ್‌ಎಚ್ ನಿಮ್ಮ ಶೆಲ್ ಅಲ್ಲ, ಸಿಸ್ಟಮ್‌ನ ಶೆಲ್. ಉಬುಂಟು 6.10ರಿಂದ (2006) ಅದು ಡ್ಯಾಶ್ ಎಂಬ ಶೆಲ್‌ಗೆ ಲಿಂಕ್ ಆಗಿದೆ, ಡೆಬಿಯನ್‌ನಲ್ಲಿ 6.0ರಿಂದ (2011). ಡ್ಯಾಶ್ ಚಿಕ್ಕದು, ಬೇಗ ಏಳುತ್ತದೆ. ಗೊತ್ತಾದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಓಡುವುದು ಇದರಲ್ಲಿ, ಪ್ರೋಗ್ರಾಂ ಕಟ್ಟುವ ಮೇಕ್ ಓಡುವುದು ಇದರಲ್ಲಿ, ಪ್ಯಾಕೇಜ್ ಹಾಕುವಾಗ ತೆಗೆಯುವಾಗ ಹಿಂದೆ ನಡೆಯುವ ಎಷ್ಟೋ ಸ್ಕ್ರಿಪ್ಟ್‌ಗಳು ಇದರಲ್ಲಿ. ನಾಳೆ ಝಡ್‌ಶೆಲ್ ಪ್ಯಾಕೇಜ್ ತೆಗೆದಿರಿ ಎಂದುಕೊಳ್ಳಿ. ಲಿಂಕ್ ತೂಗಾಡುತ್ತದೆ, ಅದನ್ನು ಸರಿಮಾಡಲು ಎಪಿಟಿ ಓಡಿಸಿದರೆ ಅದರ ಸ್ಕ್ರಿಪ್ಟ್‌ಗಳಿಗೂ /ಬಿನ್/ಎಸ್‌ಎಚ್ ಬೇಕು. ಬಾವಿಗೆ ಬಿದ್ದ ಮೇಲೆ ಹಗ್ಗವೂ ಬಾವಿಯೊಳಗೇ.

ಸ್ಕ್ರಿಪ್ಟ್‌ಗಳ ಬಗ್ಗೆ ಹೇಳುವುದಾದರೆ, ಮೊದಲ ಸಾಲಿನಲ್ಲಿ #!/ಬಿನ್/ಬ್ಯಾಶ್ ಇದ್ದರೆ ನಿಮ್ಮ ಲಾಗಿನ್ ಶೆಲ್ ಯಾವುದಾದರೂ ಅದು ಬ್ಯಾಶ್‌ನಲ್ಲೇ ಓಡುತ್ತದೆ. ಅಪಾಯ ಇರುವುದು ಆ ಸಾಲೇ ಇಲ್ಲದ ಸ್ಕ್ರಿಪ್ಟ್‌ಗಳಿಗೆ. ಬ್ಯಾಶ್‌ನಿಂದ ಅದನ್ನು ಕರೆದರೆ ಬ್ಯಾಶ್ ತಾನೇ ಓಡಿಸಿಕೊಳ್ಳುತ್ತದೆ. ಝಡ್‌ಶೆಲ್‌ನಿಂದ ಕರೆದರೆ ಅದು /ಬಿನ್/ಎಸ್‌ಎಚ್ ಕೈಗೆ ಕೊಡುತ್ತದೆ, ಉಬುಂಟುವಿನಲ್ಲಿ ಅದು ಡ್ಯಾಶ್, ಡ್ಯಾಶ್‌ಗೆ ಅರೇ ಗೊತ್ತಿಲ್ಲ, ಜೋಡಿ ಚೌಕಾವರಣವೂ ಗೊತ್ತಿಲ್ಲ. ವರ್ಷಗಟ್ಟಲೆ ಓಡಿದ ಸ್ಕ್ರಿಪ್ಟ್ ಇದ್ದಕ್ಕಿದ್ದಂತೆ ಸಿಂಟ್ಯಾಕ್ಸ್ ಎರರ್ ಎನ್ನುವುದು ಹೀಗೆ. ಝಡ್‌ಶೆಲ್ ಮೇಲೆ ತಪ್ಪು ಹೊರಿಸಬೇಡಿ, ಮೊದಲ ಸಾಲು ಸೇರಿಸಿ.

ಸೋರ್ಸ್ ಮಾಡಿಕೊಳ್ಳುವ ಫೈಲ್‌ಗಳು ಬೇರೆ ವಿಷಯ. ಅವು ನಿಮ್ಮ ಈಗಿನ ಶೆಲ್ಲಿನ ಒಳಗೇ ಓಡುತ್ತವೆ, ಮೊದಲ ಸಾಲನ್ನು ಯಾರೂ ಓದುವುದಿಲ್ಲ. ಅಲ್ಲಿ ಎರಡು ವ್ಯತ್ಯಾಸ ಕಚ್ಚುತ್ತವೆ: ಝಡ್‌ಶೆಲ್‌ನಲ್ಲಿ ಅರೇ ಎಣಿಕೆ 1ರಿಂದ, ಬ್ಯಾಶ್‌ನಲ್ಲಿ 0ಯಿಂದ. ಇನ್ನು ಉದ್ಧರಣ ಚಿಹ್ನೆ ಹಾಕದ ವೇರಿಯಬಲ್ಲನ್ನು ಝಡ್‌ಶೆಲ್ ಖಾಲಿ ಜಾಗದಲ್ಲಿ ಒಡೆಯುವುದಿಲ್ಲ.

ಸರ್ವರ್‌ಗೆ ಬಂದರೆ, ರೆಡ್ ಹ್ಯಾಟ್ 8, 9 ಮತ್ತು ರಾಕಿ, ಅಲ್ಮಾಗಳಲ್ಲಿ ಸಿಎಚ್‌ಎಸ್‌ಎಚ್ ಇರುವುದು ಯುಟಿಲ್-ಲಿನಕ್ಸ್-ಯೂಸರ್ ಎಂಬ ಪ್ರತ್ಯೇಕ ಪ್ಯಾಕೇಜಿನಲ್ಲಿ:

ಸುಡೊ ಡಿಎನ್‌ಎಫ್ ಇನ್‌ಸ್ಟಾಲ್ ಯುಟಿಲ್-ಲಿನಕ್ಸ್-ಯೂಸರ್

ಆದರೆ ನಿಮಗೆ ಅದರಿಂದ ಉಪಯೋಗವಿಲ್ಲ. ಡೈರೆಕ್ಟರಿ ಖಾತೆ ಆ ಯಂತ್ರದ /ಇಟಿಸಿ/ಪಾಸ್‌ಡಬ್ಲ್ಯೂಡಿಯಲ್ಲಿ ಇರುವುದೇ ಇಲ್ಲ. ಗ್ರೆಪ್ ಮಾಡಿ ನೋಡಿ, ನಿಮ್ಮ ಹೆಸರು ಸಿಗದು. ಗೆಟ್‌ಎಂಟ್ ಮಾತ್ರ ತೋರಿಸುತ್ತದೆ, ಏಕೆಂದರೆ ಅದು ಡೈರೆಕ್ಟರಿಯಿಂದ ಖಾತೆಗಳನ್ನು ತರುವ ಎಸ್‌ಎಸ್‌ಎಸ್‌ಡಿಯನ್ನೂ ಕೇಳುತ್ತದೆ. ಸಿಎಚ್‌ಎಸ್‌ಎಚ್‌ಗೆ ತಿದ್ದಲು ಬರುವುದು ಸ್ಥಳೀಯ ಸಾಲನ್ನಷ್ಟೇ. ದಾರಿಗಳು ಮೂರು, ನನ್ನ ಮೆಚ್ಚುಗೆಯ ಕ್ರಮದಲ್ಲಿ:

ಡೈರೆಕ್ಟರಿ ನೋಡಿಕೊಳ್ಳುವವರಿಗೆ ಹೇಳಿ ನಿಮ್ಮ ಖಾತೆಯ ಲಾಗಿನ್‌ಶೆಲ್ ಗುಣವನ್ನೇ ಬದಲಿಸಿಕೊಳ್ಳುವುದು. ಆದರೆ ಆ ಹೆಸರಿನಲ್ಲಿ ನೀವು ಹೋಗುವ ಪ್ರತಿ ಯಂತ್ರದಲ್ಲೂ ಅದೇ ಪಾತ್‌ನಲ್ಲಿ ಝಡ್‌ಶೆಲ್ ಇರಬೇಕು.

ಒಂದೇ ಯಂತ್ರಕ್ಕೆ ಸಾಕು ಎಂದರೆ, ರೂಟ್ ಆಗಿ:

ಎಸ್‌ಎಸ್‌ಎಸ್_ಓವರ್‌ರೈಡ್ ಯೂಸರ್-ಆ್ಯಡ್ ಹೆಸರು -ಎಸ್ /ಯುಎಸ್‌ಆರ್/ಬಿನ್/ಝಡ್‌ಎಸ್‌ಎಚ್

ಆ ಯಂತ್ರದ ಮೊತ್ತಮೊದಲ ಓವರ್‌ರೈಡ್ ಇದಾದರೆ ಎಸ್‌ಎಸ್‌ಎಸ್‌ಡಿ ರೀಸ್ಟಾರ್ಟ್ ಮಾಡಲೇಬೇಕು. ಎಸ್‌ಎಸ್‌ಎಸ್‌ಡಿ ಕಾನ್ಫಿಗ್‌ನ ಓವರ್‌ರೈಡ್_ಶೆಲ್ ಮುಟ್ಟಬೇಡಿ, ಅದು ಎಲ್ಲರ ಶೆಲ್ಲನ್ನೂ ಬದಲಿಸುತ್ತದೆ. ಸಹೋದ್ಯೋಗಿಗಳು ಮರುದಿನ ಹುಡುಕಿಕೊಂಡು ಬರುತ್ತಾರೆ.

ರೂಟ್ ಅನುಮತಿ ಇಲ್ಲದವರಿಗೆ ಮೂರನೆಯದು. ಹೋಮ್‌ನಲ್ಲಿರುವ .ಬ್ಯಾಶ್_ಪ್ರೊಫೈಲ್ ಫೈಲಿನ ಕೊನೆಗೆ:

ಇಫ್ [ -ಟಿ 1 ] && [ -ಎಕ್ಸ್ /ಯುಎಸ್‌ಆರ್/ಬಿನ್/ಝಡ್‌ಎಸ್‌ಎಚ್ ]; ದೆನ್
ಎಕ್ಸ್‌ಪೋರ್ಟ್ ಶೆಲ್=/ಯುಎಸ್‌ಆರ್/ಬಿನ್/ಝಡ್‌ಎಸ್‌ಎಚ್
ಎಕ್ಸೆಕ್ /ಯುಎಸ್‌ಆರ್/ಬಿನ್/ಝಡ್‌ಎಸ್‌ಎಚ್ -ಎಲ್
ಎಫ್‌ಐ

ಎರಡನೇ ಸಾಲಿನ ‘ಶೆಲ್’ ಮಾತ್ರ ದೊಡ್ಡಕ್ಷರದಲ್ಲಿ. ಮೊದಲ ಷರತ್ತು ಟರ್ಮಿನಲ್ ಇಲ್ಲದ ಕೆಲಸಗಳನ್ನು ಕಾಪಾಡುತ್ತದೆ. ಎರಡನೆಯದರಿಂದ, ಹೋಮ್ ಡೈರೆಕ್ಟರಿ ಹಲವು ಯಂತ್ರಗಳಲ್ಲಿ ಹಂಚಿಕೆಯಾಗಿದ್ದು ಒಂದರಲ್ಲಿ ಝಡ್‌ಶೆಲ್ ಇಲ್ಲದಿದ್ದರೆ ಸುಮ್ಮನೆ ಬ್ಯಾಶ್ ಉಳಿಯುತ್ತದೆ. ಎಕ್ಸೆಕ್ ಬಿಟ್ಟರೆ ಬ್ಯಾಶ್ ಕೆಳಗೆ ಉಳಿದುಕೊಂಡು, ಹೊರಬರಲು ಎರಡು ಸಲ ಎಕ್ಸಿಟ್ ಹೊಡೆಯಬೇಕಾಗುತ್ತದೆ.

ಸರ್ವರ್‌ನಲ್ಲಿ ಶೆಲ್ ಮುಟ್ಟುವಾಗ ಒಂದು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಸೆಷನ್ ತೆರೆದಿಟ್ಟು, ಇನ್ನೊಂದರಿಂದ ಹೊಸದಾಗಿ ಲಾಗಿನ್ ಆಗಿ ನೋಡಿ. ಏಳನೇ ಅಂಕಣದಲ್ಲಿರುವ ಫೈಲ್ ಅಸ್ತಿತ್ವದಲ್ಲಿ ಇಲ್ಲದಿದ್ದರೆ ಸರ್ವರ್ ಕಡೆಯ ಎಸ್‌ಎಸ್‌ಎಚ್‌ಡಿ ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ಹೊರಗಿನವರಿಗೆ ಕಾಣುವುದು ‘ಪರ್ಮಿಷನ್ ಡಿನೈಡ್’ ಮಾತ್ರ. ನಿಜವಾದ ಕಾರಣ, ಅಂದರೆ ಶೆಲ್ ಇಲ್ಲ ಎಂಬ ಸಾಲು, ಸರ್ವರ್‌ನ ಲಾಗ್‌ನಲ್ಲಿ ಬಿದ್ದಿರುತ್ತದೆ.

ಮೀನುಗಾರ್ತಿ ಉತ್ತರ:

ಝಡ್‌ಶೆಲ್ ಬದಲು ಫಿಶ್ ಎಂಬ ಶೆಲ್ ಹಾಕಿಕೊಳ್ಳುವ ಯೋಚನೆ ಇರುವವರಿಗೆ ಇಲ್ಲೇ ಒಂದು ಮಾತು. ಫಿಶ್‌ಗೆ ಸಿಎಚ್‌ಎಸ್‌ಎಚ್ ಮಾಡಬೇಡಿ ಎಂಬುದು ನನ್ನ ಸಲಹೆ. ಫಿಶ್ ಕೆಟ್ಟದ್ದೆಂದಲ್ಲ, ಅದು ಪೋಸಿಕ್ಸ್ (ಯೂನಿಕ್ಸ್ ಶೆಲ್‌ಗಳ ಸಾಮಾನ್ಯ ಮಾನದಂಡ) ಪಾಲಿಸುವ ಶೆಲ್ ಅಲ್ಲ. /ಇಟಿಸಿ/ಪ್ರೊಫೈಲ್ ಮತ್ತು ~/.ಪ್ರೊಫೈಲ್ ಎರಡನ್ನೂ ಅದು ಓದುವುದಿಲ್ಲ, ಹಾಗಾಗಿ ಅಲ್ಲಿ ಯಾರೋ ಇಟ್ಟ ಪಾತ್, ಪ್ರಾಕ್ಸಿ, ಭಾಷೆಯ ವೇರಿಯಬಲ್‌ಗಳು ಸದ್ದಿಲ್ಲದೆ ಮಾಯ. ಹಿಯರ್‌ಡಾಕ್ ಇಲ್ಲ, ಬ್ಯಾಕ್‌ಟಿಕ್ ಇಲ್ಲ, $? ಬದಲು $ಸ್ಟೇಟಸ್. ದೂರದಿಂದ ಎಸ್‌ಎಸ್‌ಎಚ್ ಮೂಲಕ ಕಮಾಂಡ್ ಕಳಿಸುವ ಉಪಕರಣಗಳು ಎದುರಿಗೆ ಬೋರ್ನ್ ತಳಿಯ (ಬ್ಯಾಶ್, ಝಡ್‌ಶೆಲ್‌ಗಳಂಥ) ಶೆಲ್ ಇದೆ ಎಂದೇ ನಂಬಿರುತ್ತವೆ. ಏಕೆಂದರೆ ಎಸ್‌ಎಸ್‌ಎಚ್‌ಡಿ ಬಂದ ಕಮಾಂಡನ್ನು ನಿಮ್ಮ ಲಾಗಿನ್ ಶೆಲ್ಲಿಗೇ -ಸಿ ಜೊತೆ ಕೊಟ್ಟು ಓಡಿಸುತ್ತದೆ. ವಿಮ್ ಎಡಿಟರ್ ಕೂಡ $ಶೆಲ್ ನೋಡಿ ಪ್ಲಗಿನ್‌ಗಳ ಕಮಾಂಡ್ ಓಡಿಸುತ್ತದೆ, ಆಗ ವಿಮ್‌ಆರ್‌ಸಿಯಲ್ಲಿ ‘ಸೆಟ್ ಶೆಲ್=/ಬಿನ್/ಎಸ್‌ಎಚ್’ ಬೇಕಾಗುತ್ತದೆ.

ಲಾಗಿನ್ ಶೆಲ್ ಬ್ಯಾಶ್ ಆಗಿಯೇ ಇರಲಿ. ಗ್ನೋಮ್ ಟರ್ಮಿನಲ್‌ನ ಪ್ರೊಫೈಲ್ ಸೆಟ್ಟಿಂಗ್‌ನಲ್ಲಿ ಶೆಲ್ ಬದಲು ಕಸ್ಟಮ್ ಕಮಾಂಡ್ ಓಡಿಸುವ ಆಯ್ಕೆ ಇದೆ, ಅಲ್ಲಿ ಫಿಶ್ ಎಂದು ಬರೆಯಿರಿ. ಕಾನ್ಸೋಲ್‌ನಲ್ಲೂ ಪ್ರೊಫೈಲ್‌ನಲ್ಲಿ ಕಮಾಂಡ್ ಎಂಬ ಜಾಗವಿದೆ. ಟಿಮಕ್ಸ್‌ಗೆ ಡೀಫಾಲ್ಟ್-ಶೆಲ್. ಕೈಗೆ ಸಿಗುವ ಕಡೆ ಫಿಶ್, ಯಂತ್ರಕ್ಕೆ ಬೇಕಾದ ಕಡೆ ಬ್ಯಾಶ್.

ಏಳನೇಕಾಲಮ್ ಉತ್ತರ:

ಫಿಶ್ ವಿಷಯದಲ್ಲಿ ಒಪ್ಪಿದೆ. ಆದರೆ ಇದೇ ವಾದವನ್ನು ಝಡ್‌ಶೆಲ್‌ಗೂ ಎಳೆಯುವವರಿದ್ದಾರೆ, ಅದು ಅತಿಯಾಯಿತು. ಕಾಳಿ ಲಿನಕ್ಸ್ 2020.4ರಿಂದ, ಮ್ಯಾಕ್ 2019ರ ಕ್ಯಾಟಲಿನಾದಿಂದ ಝಡ್‌ಶೆಲ್ಲನ್ನೇ ಡೀಫಾಲ್ಟ್ ಮಾಡಿವೆ. ಲಾಗಿನ್ ಶೆಲ್ ಆಗಿ ಅದು ಪಳಗಿದ ಕುದುರೆ.

ಕಂಬಳಿಹುಳು ಉತ್ತರ:

ರೀಬೂಟ್ ಆದಮೇಲೆ ಝಡ್‌ಶೆಲ್ ಬಂತು, ಧನ್ಯವಾದ. ಈಗ ಹೊಸ ತಲೆಬಿಸಿಗಳು:

ಜಾವಾಸ್ಕ್ರಿಪ್ಟ್ ಓಡಿಸುವ ‘ನೋಡ್’ ಕಮಾಂಡ್ ಸಿಗುತ್ತಿಲ್ಲ (ಅದರ ಆವೃತ್ತಿ ನೋಡಿಕೊಳ್ಳುವ ಎನ್‌ವಿಎಂ ಮೂಲಕ ಹಾಕಿದ್ದು). ಪೈಥಾನ್‌ನ ಪಿಪ್‌ನಲ್ಲಿ ಪಿಪ್ ಇನ್‌ಸ್ಟಾಲ್ ರಿಕ್ವೆಸ್ಟ್ಸ್[ಸಾಕ್ಸ್] ಎಂದರೆ ‘ನೋ ಮ್ಯಾಚಸ್ ಫೌಂಡ್’. ಟರ್ಮಿನಲ್ ಮುಚ್ಚಿದರೆ ಹಿಸ್ಟರಿ ಮಾಯ. ಕನ್ನಡ ಹೆಸರಿನ ಫೈಲ್ ಟೈಪ್ ಮಾಡಿದರೆ ಗುಣಿತದ ಜಾಗದಲ್ಲಿ ಕೋನಾವರಣದೊಳಗೆ 0ಸಿಬಿಎಫ್, 0ಸಿಸಿಡಿ ಎಂಬ ಸಂಖ್ಯೆಗಳು ಬರುತ್ತವೆ, ಆದರೆ ಎಲ್‌ಎಸ್ ಕೊಟ್ಟರೆ ಅದೇ ಹೆಸರು ಸರಿಯಾಗಿ ಕಾಣುತ್ತದೆ.

ಇನ್ನೊಂದು ಪರೀಕ್ಷಾ ವಿಎಂನಲ್ಲಿ (ವರ್ಚುವಲ್ ಯಂತ್ರ) ಸೋರ್ಸ್‌ನಿಂದ ಕಂಪೈಲ್ ಮಾಡಿ /ಯುಎಸ್‌ಆರ್/ಲೋಕಲ್/ಬಿನ್/ಝಡ್‌ಎಸ್‌ಎಚ್ ಹಾಕಿ, ಯೂಸರ್‌ಮಾಡ್‌ನಿಂದ ಅದನ್ನು ಶೆಲ್ ಮಾಡಿದ್ದಾಯಿತು. ಈಗ ಅಲ್ಲಿ ಸಿಎಚ್‌ಎಸ್‌ಎಚ್ ಕೊಟ್ಟರೆ ಸರಿಯಾದ ಪಾಸ್‌ವರ್ಡ್‌ಗೂ ‘ಪ್ಯಾಮ್: ಅಥೆಂಟಿಕೇಷನ್ ಫೇಲ್ಯೂರ್’.

ಏಳನೇಕಾಲಮ್ ಉತ್ತರ:

ಕೊನೆಯದರಿಂದ ಶುರು ಮಾಡುತ್ತೇನೆ, ಅದು ಬಹಳ ಜನರನ್ನು ದಾರಿ ತಪ್ಪಿಸುವ ಸಂದೇಶ. ಪಾಸ್‌ವರ್ಡ್‌ಗೂ ಅದಕ್ಕೂ ಸಂಬಂಧವಿಲ್ಲ. ಪ್ಯಾಮ್ ಎಂದರೆ ಯಾರನ್ನು ಒಳಬಿಡಬೇಕೆಂದು ಪರೀಕ್ಷಿಸುವ ವ್ಯವಸ್ಥೆ. ಡೆಬಿಯನ್, ಉಬುಂಟುಗಳ /ಇಟಿಸಿ/ಪ್ಯಾಮ್.ಡಿ/ಸಿಎಚ್‌ಎಸ್‌ಎಚ್ ಫೈಲಿನಲ್ಲಿ ಪ್ಯಾಮ್_ಶೆಲ್ಸ್ ಎಂಬ ಕಡ್ಡಾಯ ಸಾಲಿದೆ. ಅದು ನೋಡುವುದು ನೀವು ಕೇಳುತ್ತಿರುವ ಹೊಸ ಶೆಲ್ಲನ್ನಲ್ಲ, ನಿಮ್ಮ ಈಗಿನ ಶೆಲ್ಲನ್ನು. ಈಗಿನದು /ಇಟಿಸಿ/ಶೆಲ್ಸ್ ಪಟ್ಟಿಯಲ್ಲಿ ಇಲ್ಲದಿದ್ದರೆ ನೀವು ನಿರ್ಬಂಧಿತ ಬಳಕೆದಾರ ಎಂದು ತಿಳಿದು ಬಾಗಿಲು ಹಾಕುತ್ತದೆ. ಸೇವಾ ಖಾತೆಗಳಿಗೆ ನೋಲಾಗಿನ್ ಶೆಲ್ ಕೊಟ್ಟಿರುತ್ತಾರಲ್ಲ, ಅವು ತಾವೇ ಶೆಲ್ ಬದಲಿಸಿಕೊಳ್ಳಬಾರದು ಎಂಬುದಕ್ಕೆ ಈ ಕಾವಲು. ಯೂಸರ್‌ಮಾಡ್ ಈ ಪಟ್ಟಿ ನೋಡುವುದೇ ಇಲ್ಲ, ಅದಕ್ಕೇ ಅದು ಒಪ್ಪಿಕೊಂಡಿತು. ಪರಿಹಾರ ಒಂದು ಸಾಲು:

ಸುಡೊ ಆ್ಯಡ್-ಶೆಲ್ /ಯುಎಸ್‌ಆರ್/ಲೋಕಲ್/ಬಿನ್/ಝಡ್‌ಎಸ್‌ಎಚ್

ಆ್ಯಡ್-ಶೆಲ್ ಡೆಬಿಯನ್ ತಳಿಯ ಕಮಾಂಡ್. ಬೇರೆ ಕಡೆ ಎಕೋ ಮಾಡಿ ಪೈಪ್‌ನಿಂದ ‘ಸುಡೊ ಟೀ -ಎ /ಇಟಿಸಿ/ಶೆಲ್ಸ್’ಗೆ ಕೊಡಿ. ‘ಸುಡೊ ಎಕೋ’ ಎಂದು ಬರೆದು ಎರಡು ಬಾಣದಿಂದ ಫೈಲಿಗೆ ತಿರುಗಿಸಿದರೆ ಅನುಮತಿ ಇಲ್ಲ ಎನ್ನುತ್ತದೆ, ಏಕೆಂದರೆ ಫೈಲ್ ತೆರೆಯುವುದು ಸುಡೊ ಅಲ್ಲ, ನಿಮ್ಮ ಸಾಮಾನ್ಯ ಶೆಲ್. ಟೀ ಜೊತೆ -ಎ ಮರೆತರೆ ಮಾತ್ರ ಇಡೀ ಪಟ್ಟಿ ಅಳಿಸಿಹೋಗಿ ಒಂದೇ ಸಾಲು ಉಳಿಯುತ್ತದೆ. ಆಗ ಉಳಿದವರೆಲ್ಲರಿಗೂ ನಿಮ್ಮದೇ ಪ್ಯಾಮ್ ದೋಷ.

ನೋಡ್: ಎನ್‌ವಿಎಂ ತನ್ನ ಸಾಲುಗಳನ್ನು .ಬ್ಯಾಶ್‌ಆರ್‌ಸಿಗೆ ಬರೆದಿತ್ತು, ಝಡ್‌ಶೆಲ್ ಆ ಫೈಲ್ ಓದುವುದಿಲ್ಲ. ಆ ಸಾಲುಗಳನ್ನಷ್ಟೇ .ಝಡ್‌ಎಸ್‌ಎಚ್‌ಆರ್‌ಸಿಗೆ ನಕಲು ಮಾಡಿ. ಕೊಂಡಾ ಇದ್ದರೆ ‘ಕೊಂಡಾ ಇನಿಟ್ ಝಡ್‌ಎಸ್‌ಎಚ್’. ಇಡೀ .ಬ್ಯಾಶ್‌ಆರ್‌ಸಿಯನ್ನೇ ಸೋರ್ಸ್ ಮಾಡಿಕೊಳ್ಳುವ ಆಸೆ ಬೇಡ, ಶಾಪ್ಟ್, ಬೈಂಡ್ ಸಾಲುಗಳು ಅಲ್ಲಿ ನಡೆಯವು, ಪ್ರಾಂಪ್ಟ್ ಸಂಕೇತಗಳೂ ಬೇರೆ. ಆಲಿಯಾಸ್‌ಗಳನ್ನು ಒಂದು ಪ್ರತ್ಯೇಕ ಫೈಲಿಗೆ ಹಾಕಿ ಎರಡೂ ಕಡೆಯಿಂದ ಸೋರ್ಸ್ ಮಾಡಿದರೆ ಚೊಕ್ಕ.

ಪಿಪ್: ಚೌಕಾವರಣವನ್ನು ಎರಡೂ ಶೆಲ್ ಫೈಲ್ ಹೆಸರಿನ ನಮೂನೆ ಎಂದೇ ಓದುತ್ತವೆ. ಹೊಂದುವ ಫೈಲ್ ಸಿಗದಿದ್ದರೆ ಬ್ಯಾಶ್ ಪದವನ್ನು ಇದ್ದ ಹಾಗೆ ದಾಟಿಸುತ್ತದೆ, ಝಡ್‌ಶೆಲ್ ದೋಷ ಎಂದು ನಿಲ್ಲುತ್ತದೆ. ಆ ಪದಕ್ಕೆ ಒಂಟಿ ಉದ್ಧರಣ ಚಿಹ್ನೆ ಹಾಕಿ. ಎಸ್‌ಸಿಪಿಯಲ್ಲಿ ದೂರದ ಯಂತ್ರದ ನಕ್ಷತ್ರ ಚಿಹ್ನೆಗೂ ಇದೇ ಔಷಧಿ.

ಹಿಸ್ಟರಿ: ಝಡ್‌ಶೆಲ್ ಮೂಲದಲ್ಲಿ ನೆನಪಿಡುವುದು 30 ಕಮಾಂಡ್, ಫೈಲಿಗೆ ಉಳಿಸುವುದು 0. ಮೊದಲ ಸಲ ತೆರೆದಾಗ ಬರುವ ಮೆನುವಿನಲ್ಲಿ 0 ಒತ್ತಿ ಖಾಲಿ .ಝಡ್‌ಎಸ್‌ಎಚ್‌ಆರ್‌ಸಿ ಮಾಡಿಕೊಂಡವರಿಗೆಲ್ಲ ಹೀಗೇ. ಇವನ್ನು ಸೇರಿಸಿ, ಸಮಚಿಹ್ನೆಯ ಎಡಗಡೆಯ ಹೆಸರುಗಳು ದೊಡ್ಡಕ್ಷರದಲ್ಲಿ:

ಹಿಸ್ಟ್‌ಫೈಲ್=~/.ಝಡ್‌ಎಸ್‌ಎಚ್_ಹಿಸ್ಟರಿ
ಹಿಸ್ಟ್‌ಸೈಜ್=10000
ಸೇವ್‌ಹಿಸ್ಟ್=10000

ಕನ್ನಡ: ಇದು ನಮ್ಮಂಥವರಿಗೇ ಮೀಸಲಾದ ಕಾಟ. ‘ಿ’, ‘ೆ’, ‘್’ ಇವು ಯೂನಿಕೋಡ್‌ನಲ್ಲಿ ಸ್ವಂತ ಅಗಲವಿಲ್ಲದ, ಹಿಂದಿನ ಅಕ್ಷರಕ್ಕೆ ಅಂಟುವ ಚಿಹ್ನೆಗಳು. ಟರ್ಮಿನಲ್ ಇವನ್ನು ಸರಿಯಾಗಿ ಜೋಡಿಸುತ್ತದೆಂದು ಝಡ್‌ಶೆಲ್ ನಂಬುವುದಿಲ್ಲ, ಅದರ ಸಾಲು ತಿದ್ದುವ ಭಾಗ ಸಂಕೇತಸಂಖ್ಯೆಯನ್ನೇ ಮುದ್ರಿಸುತ್ತದೆ. 0ಸಿಬಿಎಫ್ ಎಂದರೆ ಇ-ಗುಣಿತ, 0ಸಿಸಿಡಿ ಎಂದರೆ ‘್’ ಎಂಬ ಹಲಂತ ಚಿಹ್ನೆ. ಎಲ್‌ಎಸ್‌ನ ಉತ್ತರ ಆ ಭಾಗದ ಮೂಲಕ ಹಾಯುವುದಿಲ್ಲ, ಅದಕ್ಕೇ ಅಲ್ಲಿ ಸರಿ. .ಝಡ್‌ಎಸ್‌ಎಚ್‌ಆರ್‌ಸಿಗೆ:

ಸೆಟ್‌ಆಪ್ಟ್ ಕಂಬೈನಿಂಗ್_ಚಾರ್ಸ್

ಮ್ಯಾಕ್‌ನಲ್ಲಿ ಯುಟಿಎಫ್-8 ಇದ್ದರೆ /ಇಟಿಸಿ/ಝಡ್‌ಎಸ್‌ಎಚ್‌ಆರ್‌ಸಿಯೇ ಇದನ್ನು ಹಾಕಿರುತ್ತದೆ. ಇದಾದ ಮೇಲೂ ಒತ್ತಕ್ಷರ ಇದ್ದ ಕಡೆ ಕರ್ಸರ್ ಅಲ್ಲೊಂದು ಇಲ್ಲೊಂದು ಜಾಗ ತಪ್ಪಿದರೆ ಆ ತಪ್ಪು ಟರ್ಮಿನಲ್‌ನದ್ದು.

ಹಾಗೆಯೇ .ಝಡ್‌ಎಸ್‌ಎಚ್_ಹಿಸ್ಟರಿ ಫೈಲನ್ನು ಕ್ಯಾಟ್ ಮಾಡಿ ನೋಡಿ ಕನ್ನಡ ಹಾಳಾಗಿದೆ ಎಂದು ಗಾಬರಿಯಾಗಬೇಡಿ. ಝಡ್‌ಶೆಲ್ ಕೆಲವು ಬೈಟ್‌ಗಳನ್ನು ತನ್ನ ಒಳ ಬಳಕೆಗೆ ಕಾದಿರಿಸಿಕೊಂಡಿದೆ. ಕನ್ನಡ ಅಕ್ಷರಗಳ ಮೂರನೇ ಬೈಟ್ ಆಗಾಗ ಆ ಗುಂಪಿಗೆ ಬೀಳುತ್ತದೆ, ಆಗ ಮುಂದೊಂದು ಗುರುತು ಹಾಕಿ ಬದಲಿಸಿ ಬರೆಯುತ್ತದೆ. ‘ಎಫ್‌ಸಿ -ಎಲ್ 1’ ಎಂದರೆ ಎಲ್ಲ ನೆಟ್ಟಗೆ ಕಾಣುತ್ತದೆ.

ರಾತ್ರಿಪಾಳಿ ಉತ್ತರ:

ಮುಂದಿನ ಪ್ರಶ್ನೆ ಬರುವ ಮೊದಲೇ ಹೇಳಿಬಿಡುತ್ತೇನೆ. .ಝಡ್‌ಎಸ್‌ಎಚ್‌ಎನ್ವ್ ಫೈಲಿನಲ್ಲಿ ಯಾವುದನ್ನೂ ಮುದ್ರಿಸಬೇಡಿ. .ಝಡ್‌ಪ್ರೊಫೈಲ್ ಲಾಗಿನ್‌ಗೆ, .ಝಡ್‌ಎಸ್‌ಎಚ್‌ಆರ್‌ಸಿ ಕೈಯಿಂದ ಟೈಪ್ ಮಾಡುವ ಶೆಲ್ಲಿಗೆ. .ಝಡ್‌ಎಸ್‌ಎಚ್‌ಎನ್ವ್ ಮಾತ್ರ ಪ್ರತಿಯೊಂದಕ್ಕೂ, ಎಸ್‌ಎಸ್‌ಎಚ್‌ನಿಂದ ಬರುವ ಒಂಟಿ ಕಮಾಂಡ್‌ಗೂ ಓದಲ್ಪಡುತ್ತದೆ. ಅಲ್ಲೊಂದು ಸ್ವಾಗತದ ಎಕೋ ಇಟ್ಟರೆ ಫೈಲ್ ನಕಲಿಸುವ ಆರ್‌ಸಿಂಕ್ ‘ಈಸ್ ಯುವರ್ ಶೆಲ್ ಕ್ಲೀನ್’ ಎಂದು ಕೇಳಿ ನಿಲ್ಲುತ್ತದೆ. ಎಸ್‌ಎಫ್‌ಟಿಪಿಯಲ್ಲೂ ಇದೇ ಜಾತಿಯ ದೋಷ ‘ರಿಸೀವ್ಡ್ ಮೆಸೇಜ್ ಟೂ ಲಾಂಗ್ 1416128883’ ಎಂದು ಕಾಣುತ್ತದೆ. ಆ ಸಂಖ್ಯೆ ಎಲ್ಲಿಂದ ಬಂತು ಎಂದರೆ, ಎಸ್‌ಎಫ್‌ಟಿಪಿ ಮೊದಲ ನಾಲ್ಕು ಬೈಟನ್ನು ಸಂದೇಶದ ಉದ್ದ ಎಂದು ಓದುತ್ತದೆ. 1416128883 ಅನ್ನು ಹದಿನಾರರ ಲೆಕ್ಕಕ್ಕೆ ತಂದರೆ 54 68 69 73, ಅಂದರೆ ‘ದಿಸ್’ ಎಂಬ ಇಂಗ್ಲಿಷ್ ಪದದ ನಾಲ್ಕು ಅಕ್ಷರ. ಯಾರದೋ ‘ದಿಸ್…’ ಎಂದು ಶುರುವಾಗುವ ಸ್ವಾಗತ ವಾಕ್ಯ. ಬೇರೆ ಸಂಖ್ಯೆ ಬಂದರೂ ಹೀಗೇ ಬಿಡಿಸಿ, ಯಾವ ಸಾಲು ಮಾತಾಡುತ್ತಿದೆ ಎಂದು ತಿಳಿಯುತ್ತದೆ. ಎಸ್‌ಸಿಪಿ ಕೂಡ ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಎಫ್‌ಟಿಪಿಯನ್ನೇ ಬಳಸುವುದರಿಂದ ಅಲ್ಲೂ ಇದೇ ಸಂದೇಶ.

.ಝಡ್‌ಎಸ್‌ಎಚ್‌ಆರ್‌ಸಿಯಲ್ಲಿ ತಪ್ಪಾಗಿ ಲಾಗಿನ್ ಆದ ಕೂಡಲೇ ಹೊರಬೀಳುತ್ತಿದ್ದರೆ:

ಎಸ್‌ಎಸ್‌ಎಚ್ -ಟಿ ಹೋಸ್ಟ್ ಝಡ್‌ಎಸ್‌ಎಚ್ -ಎಫ್

ಕಮಾಂಡ್ ಕೊಟ್ಟಾಗ .ಝಡ್‌ಎಸ್‌ಎಚ್‌ಆರ್‌ಸಿ ಓದಲ್ಪಡುವುದಿಲ್ಲ, -ಎಫ್ ಇರುವುದರಿಂದ ಒಳಗಿನ ಶೆಲ್ ಕೂಡ ಅದನ್ನು ಮುಟ್ಟುವುದಿಲ್ಲ. ಒಳಗೆ ಹೋಗಿ ತಿದ್ದಿಕೊಳ್ಳಿ.

ಶೆಲ್ ಫೈಲೇ ಇಲ್ಲದೆ ಲಾಗಿನ್ ನಿಂತಿದ್ದು, ಇನ್ನೊಬ್ಬ ಸುಡೊ ಬಳಕೆದಾರರೂ ಇಲ್ಲದಿದ್ದರೆ ಯಂತ್ರದ ಎದುರು ಕೂರಬೇಕು. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಇನಿಟ್=/ಬಿನ್/ಬ್ಯಾಶ್ ಸೇರಿಸಿ, ಕಂಟ್ರೋಲ್-ಎಕ್ಸ್. ಡಿಸ್ಕ್ ಓದಲು ಮಾತ್ರ ತೆರೆದಿರುತ್ತದೆ, ಆದ್ದರಿಂದ:

ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯೂ /
ಯೂಸರ್‌ಮಾಡ್ -ಎಸ್ /ಬಿನ್/ಬ್ಯಾಶ್ ಹೆಸರು
ಸಿಂಕ್
ರೀಬೂಟ್ -ಎಫ್

ಕೈಯಿಂದಲೇ ಪಾಸ್‌ವರ್ಡ್ ಫೈಲ್ ತಿದ್ದುವುದಾದರೆ ನ್ಯಾನೊ ಬೇಡ, ವಿಐಪಿಡಬ್ಲ್ಯೂ ಬಳಸಿ, ಅದು ಫೈಲಿಗೆ ಬೀಗ ಹಾಕಿ ತೆರೆಯುತ್ತದೆ. ರೂಟ್ ಖಾತೆಯ ಶೆಲ್ಲನ್ನು ಮಾತ್ರ ಇದ್ದ ಹಾಗೇ ಬಿಡಿ. ರೂಟ್ ಆಗಿ ಝಡ್‌ಶೆಲ್ ಬೇಕೆನಿಸಿದರೆ ‘ಸುಡೊ ಝಡ್‌ಎಸ್‌ಎಚ್’ ಎಂದರಾಯಿತು.

ದೆವ್ವದಮರಿ ಉತ್ತರ:

ಲಿನಕ್ಸ್ ಅಲ್ಲದವರಿಗೂ ಎರಡು ಸಾಲು.

ಫ್ರೀಬಿಎಸ್‌ಡಿಯಲ್ಲಿ ಪ್ಯಾಕೇಜ್‌ನಿಂದ ಬಂದ ಶೆಲ್‌ಗಳು /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿರುತ್ತವೆ, /ಬಿನ್‌ನಲ್ಲಿ ಅಲ್ಲ. ಲಿನಕ್ಸ್‌ನಿಂದ ಸ್ಕ್ರಿಪ್ಟ್ ತಂದವರು #!/ಬಿನ್/ಬ್ಯಾಶ್ ಸಾಲಿಗೇ ಮೊದಲು ಎಡವುವುದು. ‘ಪಿಡಬ್ಲ್ಯೂ ಯೂಸರ್‌ಮಾಡ್ ಹೆಸರು -ಎಸ್ ಪಾತ್’ ಅಥವಾ ಸಿಎಚ್‌ಎಸ್‌ಎಚ್ ಬಳಸಿ. /ಇಟಿಸಿ/ಪಾಸ್‌ಡಬ್ಲ್ಯೂಡಿಯನ್ನು ನೇರ ತಿದ್ದಿದರೆ ಏನೂ ಆಗದು, ಅದು ಮಾಸ್ಟರ್.ಪಾಸ್‌ಡಬ್ಲ್ಯೂಡಿಯಿಂದ ಹುಟ್ಟುವ ನಕಲು. ರೂಟ್‌ನ ಶೆಲ್ 14.0ರವರೆಗೆ ಸಿ ಶೆಲ್ ಆಗಿತ್ತು, 14.0ರಲ್ಲಿ (2023) ಎಸ್‌ಎಚ್ ಆಯಿತು.

ಮ್ಯಾಕ್‌ನಲ್ಲಿ ಬ್ಯಾಶ್ 3.2ರಲ್ಲೇ ನಿಂತಿದೆ, 4ರಿಂದ ಅದರ ಪರವಾನಗಿ ಜಿಪಿಎಲ್ 3 ಆದದ್ದೇ ಕಾರಣ. ಹೊಸ ಬ್ಯಾಶ್ ಬೇಕೆಂದರೆ ಹೋಮ್‌ಬ್ರೂನಿಂದ ಹಾಕಿ. ಆಪಲ್ ಸಿಲಿಕಾನ್ ಯಂತ್ರದಲ್ಲಿ /ಆಪ್ಟ್/ಹೋಮ್‌ಬ್ರೂ/ಬಿನ್/ಬ್ಯಾಶ್, ಇಂಟೆಲ್‌ನಲ್ಲಿ /ಯುಎಸ್‌ಆರ್/ಲೋಕಲ್/ಬಿನ್/ಬ್ಯಾಶ್. ಅದನ್ನು /ಇಟಿಸಿ/ಶೆಲ್ಸ್‌ಗೆ ಸೇರಿಸಿ ಸಿಎಚ್‌ಎಸ್‌ಎಚ್ ಮಾಡಿ. ಗೆಟ್‌ಎಂಟ್ ಅಲ್ಲಿಲ್ಲ, ನೋಡಲು:

ಡಿಎಸ್‌ಸಿಎಲ್ . -ರೀಡ್ /ಯೂಸರ್ಸ್/ಹೆಸರು ಯೂಸರ್‌ಶೆಲ್

ಕಂಬಳಿಹುಳು ಉತ್ತರ:

ನಾಲ್ಕೂ ಸರಿಹೋದವು, ವಿಎಂನಲ್ಲಿ ಆ್ಯಡ್-ಶೆಲ್ ಕೂಡ ಕೆಲಸ ಮಾಡಿತು. ಕೊನೆಯ ಪ್ರಶ್ನೆ: ಆ ವಿಎಂನಿಂದ ಝಡ್‌ಶೆಲ್ ಪೂರ್ತಿ ತೆಗೆಯಬೇಕಾದರೆ?

ಏಳನೇಕಾಲಮ್ ಉತ್ತರ:

ಮೊದಲು ಶೆಲ್ ಹಿಂದಕ್ಕೆ, ಆಮೇಲೆ ಫೈಲ್. ಕ್ರಮ ತಪ್ಪಿದರೆ ಮೇಲಿನ ಗ್ರಬ್ ಪ್ರಯಾಣ. ನಿಮ್ಮೊಬ್ಬರದಷ್ಟೇ ಅಲ್ಲ, ಬೇರೆ ಯಾವ ಖಾತೆ ಅದರ ಮೇಲೆ ನಿಂತಿದೆ ಎಂದೂ ನೋಡಿ:

ಗೆಟ್‌ಎಂಟ್ ಪಾಸ್‌ಡಬ್ಲ್ಯೂಡಿ | ಗ್ರೆಪ್ ಝಡ್‌ಎಸ್‌ಎಚ್

ಬಂದ ಪ್ರತಿ ಹೆಸರಿಗೂ ‘ಸುಡೊ ಯೂಸರ್‌ಮಾಡ್ -ಎಸ್ /ಬಿನ್/ಬ್ಯಾಶ್ ಹೆಸರು’. ಅದೇ ಗ್ರೆಪ್ ಮತ್ತೆ ಓಡಿಸಿದಾಗ ಏನೂ ಬರಬಾರದು. ಆಮೇಲೆ ‘ಸುಡೊ ರಿಮೂವ್-ಶೆಲ್ /ಯುಎಸ್‌ಆರ್/ಲೋಕಲ್/ಬಿನ್/ಝಡ್‌ಎಸ್‌ಎಚ್’, ಕಡೆಗೆ ಫೈಲ್ ಅಳಿಸಿ. ‘ಸುಡೊ ಯೂಸರ್‌ಆ್ಯಡ್ -ಡಿ’ ಕೂಡ ಒಮ್ಮೆ ಓಡಿಸಿ (ಆ ಡಿ ದೊಡ್ಡಕ್ಷರ). ಹೊಸ ಖಾತೆಗಳ ಡೀಫಾಲ್ಟ್ ಶೆಲ್ ಯಾವುದೆಂದು ಅದು ತೋರಿಸುತ್ತದೆ. ಅಲ್ಲಿ ಝಡ್‌ಎಸ್‌ಎಚ್ ಉಳಿದಿದ್ದರೆ ‘ಯೂಸರ್‌ಆ್ಯಡ್ -ಡಿ -ಎಸ್ /ಬಿನ್/ಬ್ಯಾಶ್’, ಆ್ಯಡ್‌ಯೂಸರ್ ಬಳಸುವವರಾದರೆ /ಇಟಿಸಿ/ಆ್ಯಡ್‌ಯೂಸರ್.ಕಾನ್ಫ್‌ನ ಡಿಶೆಲ್ ಸಾಲನ್ನೂ ನೋಡಿ.